ಘಟ್ಟ ಇಳಿಯುವ ಚಿಟ್ಟೆಗಳು ಮತ್ತು ಕಾರವಾರದ ಬೆಲ್ ಸಾಹೇಬರು

ಮಳೆಗಾಲ ಮುಗಿದು ಬಿಸಿಲು ಹದವಾಗುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಚಿಟ್ಟೆಗಳ ವಿಡಿಯೊ ಓಡಾಡತೊಡಗುತ್ತದೆ. ರಸ್ತೆ ಬದಿಯ ಪೊದೆಯೊಂದರಿಂದ ನೂರಾರು ಕಪ್ಪು-ನೀಲಿ ಚಿಟ್ಟೆಗಳು ಒಮ್ಮೆಲೇ ಏಳುತ್ತವೆ, ಹಿಡಿದವರ ಕೈ ನಡುಗುತ್ತದೆ, ಅಷ್ಟೇ. ವಿಡಿಯೊ ನಿಜವೇ. ತೊಂದರೆ ಇರುವುದು ಅದರ ಕೆಳಗೆ ಅಂಟಿಕೊಂಡು ಬರುವ ಬರಹದಲ್ಲಿ. ಅಮೆರಿಕದ ಮೊನಾರ್ಕ್ ಚಿಟ್ಟೆಗಳು ಸಮುದ್ರ ದಾಟಿ ನಮ್ಮೂರಿಗೆ ಬಂದಿವೆ ಎನ್ನುತ್ತದೆ ಒಂದು. ಇದು ಭೂಕಂಪದ ಮುನ್ಸೂಚನೆ ಎನ್ನುತ್ತದೆ ಇನ್ನೊಂದು. ಮೂರನೆಯದು ಹೆಚ್ಚು ಅಪಾಯಕಾರಿ: ಇವು ಅಡಿಕೆ ತೋಟದಲ್ಲಿ ಮೊಟ್ಟೆಯಿಡುತ್ತವೆ, ಕೂಡಲೇ ಔಷಧಿ ಹೊಡೆಯಿರಿ ಎನ್ನುತ್ತದೆ.

ಮೂರೂ ತಪ್ಪು. ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ತಪ್ಪು ಎಂದು ಇಷ್ಟು ಧೈರ್ಯವಾಗಿ ಹೇಳಲು ನಮಗೆ ಸಾಧ್ಯವಾಗಿರುವುದು ಯಾಕೆ? ಯಾವ ಚಿಟ್ಟೆ ಯಾವ ಎಲೆಯ ಮೇಲೆ ಮೊಟ್ಟೆಯಿಡುತ್ತದೆ, ಅದರ ಹುಳ ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ ಎಂದು ನಮ್ಮ ಕರಾವಳಿಯಲ್ಲೇ ಕುಳಿತು ದಶಕಗಳ ಕಾಲ ಬರೆದಿಟ್ಟವರು ಇದ್ದರು ಎಂಬ ಕಾರಣಕ್ಕೆ. ಅವರಲ್ಲಿ ಮುಖ್ಯರು ಥಾಮಸ್ ರೀಡ್ ಡೇವಿಸ್ ಬೆಲ್. ಚಿಟ್ಟೆಗಳ ಬಗ್ಗೆ ಓದುವವರಿಗೆಲ್ಲ ಟಿ. ಆರ್. ಬೆಲ್ ಎಂದೇ ಪರಿಚಿತರು. ಹುಟ್ಟಿದ್ದು ಐರ್ಲೆಂಡಿನಲ್ಲಿ, ತೀರಿಕೊಂಡದ್ದು ಕಾರವಾರದಲ್ಲಿ. ಈ ಬಾರಿ ಅವರ ಕಥೆಯ ಮೂಲಕವೇ ಫಾರ್ವರ್ಡಿಗೆ ಉತ್ತರ ಹುಡುಕೋಣ.

ಮೊದಲು, ವಿಡಿಯೊದಲ್ಲಿರುವುದು ಯಾವ ಚಿಟ್ಟೆ?

ಮೊನಾರ್ಕ್ ಚಿಟ್ಟೆಯ ರೆಕ್ಕೆ ಕಿತ್ತಳೆ ಬಣ್ಣದ್ದು, ಅದರ ಮೇಲೆ ಕಪ್ಪು ಗೆರೆಗಳು. ಅದು ಉತ್ತರ ಅಮೆರಿಕದಿಂದ ಮೆಕ್ಸಿಕೋದ ಬೆಟ್ಟಗಳಿಗೆ ವಲಸೆ ಹೋಗುತ್ತದೆ. ಆ ಚಳಿಗಾಲದ ತಾಣ ಹೊರಜಗತ್ತಿನ ವಿಜ್ಞಾನಿಗಳಿಗೆ ತಿಳಿದದ್ದೇ 1975ರಲ್ಲಿ. ಅದು ನಮ್ಮ ದೇಶದ ಚಿಟ್ಟೆಯಲ್ಲ. ನಮ್ಮಲ್ಲಿ ಅದನ್ನೇ ಹೋಲುವ ಕಿತ್ತಳೆ ಬಣ್ಣದ ಎರಡು ಚಿಟ್ಟೆಗಳಿವೆ, ಪ್ಲೇನ್ ಟೈಗರ್ ಮತ್ತು ಸ್ಟ್ರೈಪ್ಡ್ ಟೈಗರ್. ಎಕ್ಕದ ಗಿಡದ ಸುತ್ತ ನಿಧಾನವಾಗಿ ತೇಲಾಡುವ ಕಿತ್ತಳೆ ಚಿಟ್ಟೆಯನ್ನು ನೀವು ನೋಡಿರುತ್ತೀರಿ, ಅದು ಪ್ಲೇನ್ ಟೈಗರ್. ಮೂರೂ ಒಂದೇ ಕುಲದವು, ದಾಯಾದಿಗಳು ಎನ್ನಬಹುದು.

ಆದರೆ ಘಟ್ಟದ ಬುಡದಲ್ಲಿ ಗುಂಪು ಕಟ್ಟುವವು ಹೆಚ್ಚಾಗಿ ಇವಲ್ಲ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಚುಕ್ಕೆ, ಗೆರೆಗಳಿರುವುದು ಡಾರ್ಕ್ ಬ್ಲೂ ಟೈಗರ್. ಅದಕ್ಕಿಂತ ನೀಲಿ ಭಾಗ ಅಗಲವಾಗಿ, ತೆಳುವಾಗಿ ಕಾಣುವುದು ಬ್ಲೂ ಟೈಗರ್. ಕಂದುಗಪ್ಪು ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು ಇದ್ದರೆ ಅದು ಕಾಮನ್ ಕ್ರೋ ಅಥವಾ ಅದರ ಹತ್ತಿರದ ನೆಂಟ ಡಬಲ್ ಬ್ರ್ಯಾಂಡೆಡ್ ಕ್ರೋ. ಇವೆಲ್ಲವೂ ಹಾಲು ಸುರಿಸುವ ಗಿಡಬಳ್ಳಿಗಳನ್ನು ತಿಂದು ಬೆಳೆಯುವ ಡ್ಯಾನೈನ್ ಎಂಬ ಬಳಗಕ್ಕೆ ಸೇರಿದವು. ಹುಲಿ, ಕಾಗೆ ಎಂಬ ಹೆಸರುಗಳನ್ನು ಚಿಟ್ಟೆಗೆ ಇಟ್ಟವರು ಇಂಗ್ಲಿಷರು. ನಮಗೆ ಸ್ವಲ್ಪ ವಿಚಿತ್ರ ಅನ್ನಿಸಿದರೂ ಈಗ ಅವೇ ಚಾಲ್ತಿಯಲ್ಲಿವೆ.

ಬ್ಯಾಂಡನ್‌ನಿಂದ ಧಾರವಾಡಕ್ಕೆ

ಬೆಲ್ ಹುಟ್ಟಿದ್ದು 1863ರ ಮೇ 2ರಂದು, ಐರ್ಲೆಂಡಿನ ಕಾರ್ಕ್ ಪ್ರಾಂತ್ಯದ ಬ್ಯಾಂಡನ್ ಎಂಬ ಊರಿನಲ್ಲಿ. ದೊಡ್ಡ ಕುಟುಂಬ. ಆ ಕಾಲದ ಐರಿಷ್ ಮಧ್ಯಮ ವರ್ಗದ ಹುಡುಗರಿಗೆ ಇದ್ದ ದಾರಿಗಳು ಕಡಿಮೆ. ಸೈನ್ಯ, ಚರ್ಚು, ಇಲ್ಲವೇ ಸಾಮ್ರಾಜ್ಯದ ಯಾವುದೋ ಮೂಲೆಯಲ್ಲಿ ಸರ್ಕಾರಿ ನೌಕರಿ. ಬೆಲ್ ಹಿಡಿದದ್ದು ಅರಣ್ಯ ಇಲಾಖೆಯ ದಾರಿ. 1880ರ ದಶಕದಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಬೊಂಬಾಯಿ ಪ್ರಾಂತ್ಯಕ್ಕೆ ಬಂದರು. ಧಾರವಾಡದಲ್ಲಿ ಕೆಲಸ, ಆಮೇಲೆ ಉತ್ತರ ಕನ್ನಡ.

ಉತ್ತರ ಕನ್ನಡ ಅವರನ್ನು ಹಿಡಿದುಬಿಟ್ಟಿತು. ಕಾಳಿ ನದಿ, ಕಾರವಾರದ ಕಡಲು, ಹಿಂದೆ ಗೋಡೆಯಂತೆ ನಿಂತ ಘಟ್ಟ. ಬೆಲ್ ಬರುವುದಕ್ಕೆ ಸ್ವಲ್ಪ ಮುಂಚೆ, 1883ರಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಯುವಕ ರವೀಂದ್ರನಾಥ ಟ್ಯಾಗೋರರೂ ಅದೇ ಕಡಲಿಗೆ ಮನಸೋತಿದ್ದರು. ಟ್ಯಾಗೋರರು ನಾಟಕ ಬರೆದು ಹೊರಟರು. ಬೆಲ್ ಉಳಿದರು.

ಅರಣ್ಯಾಧಿಕಾರಿಯ ಕೆಲಸ ಎಂದರೆ ತಿಂಗಳುಗಟ್ಟಲೆ ಕಾಡು ಸುತ್ತುವುದು. ಅಂದಿನ ಬಹಳಷ್ಟು ಸಾಹೇಬರು ಆ ಸಮಯವನ್ನು ಬೇಟೆಗೆ ಬಳಸಿಕೊಂಡರು. ಬೆಲ್ ಹುಳ ಹುಡುಕಿದರು.

ಇಲ್ಲಿ ಒಂದು ಮಾತನ್ನು ಬದಿಗಿಡದೆ ಹೇಳಲೇಬೇಕು. ಆ ಇಲಾಖೆ ಕಾಡಿನ ಜನರಿಗೆ ಒಳ್ಳೆಯದನ್ನೇ ಮಾಡಿತು ಎಂದು ಯಾರೂ ಹೇಳಲಾರರು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ಸರ್ಕಾರದ ಸ್ವತ್ತಾಯಿತು, ಕುಮರಿ ಬೇಸಾಯ ಮಾಡುತ್ತಿದ್ದವರ ಕೈ ಕಟ್ಟಿತು, ಸೊಪ್ಪು ಸೌದೆಗೂ ಅನುಮತಿ ಬೇಕಾಯಿತು. 1930ರಲ್ಲಿ ಉತ್ತರ ಕನ್ನಡದಲ್ಲಿ ಜಂಗಲ್ ಸತ್ಯಾಗ್ರಹ ನಡೆದದ್ದರ ಹಿಂದೆ ಈ ಸಿಟ್ಟು ಇತ್ತು. ಬೆಲ್ ಆ ಯಂತ್ರದ ಒಂದು ಭಾಗ. ಅವರ ಚಿಟ್ಟೆ ಕೆಲಸವನ್ನು ಮೆಚ್ಚುವಾಗ ಇದನ್ನು ಮರೆಯುವುದು ಸರಿಯಲ್ಲ, ಇದನ್ನು ನೆನೆದು ಆ ಕೆಲಸವನ್ನೇ ತಳ್ಳಿಹಾಕುವುದೂ ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಮೂವರು ಸರ್ಕಾರಿ ನೌಕರರು

ಬೆಲ್ ಒಬ್ಬರೇ ಇದ್ದಿದ್ದರೆ ಬಹುಶಃ ಚಿಟ್ಟೆಯ ಕಡೆ ತಿರುಗುತ್ತಿರಲಿಲ್ಲ. ಅವರಿಗೆ ಸಿಕ್ಕ ಗೆಳೆಯರು ಇಬ್ಬರು. ಒಬ್ಬರು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್, ಉಪ್ಪಿನ ತೆರಿಗೆ ಇಲಾಖೆಯ ಅಧಿಕಾರಿ. ಈಹಾ ಎಂಬ ಹೆಸರಿನಲ್ಲಿ ಮನೆಯ ಸುತ್ತಲಿನ ಇಲಿ, ಇರುವೆ, ಕಾಗೆಗಳ ಬಗ್ಗೆ ನಗು ಬರುವಂತೆ ಬರೆಯುತ್ತಿದ್ದರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದ ಎಂಟು ಮಂದಿಯಲ್ಲಿ ಅವರೂ ಒಬ್ಬರು. ಗೋವಾದಲ್ಲಿ ಸಿಕ್ಕ ಒಂದು ಅನಾಫಿಲಿಸ್ ಸೊಳ್ಳೆಗೆ ಅವರದೇ ಹೆಸರಿದೆ. ಇನ್ನೊಬ್ಬರು ಜೇಮ್ಸ್ ಡೇವಿಡ್‌ಸನ್, ಜಿಲ್ಲೆಯ ಕಲೆಕ್ಟರ್, ಹಕ್ಕಿಗಳ ಹುಚ್ಚಿನವರು.

ಉಪ್ಪಿನವರೊಬ್ಬರು, ಕಂದಾಯದವರೊಬ್ಬರು, ಕಾಡಿನವರೊಬ್ಬರು. ಮೂವರೂ ಸೇರಿ ಮಾಡಿದ್ದು ಅಂದಿನ ವಾಡಿಕೆಗೆ ಸ್ವಲ್ಪ ವಿರುದ್ಧವಾದ ಕೆಲಸ. ಆಗ ಚಿಟ್ಟೆ ಅಧ್ಯಯನ ಎಂದರೆ ಬಲೆ ಹಿಡಿದು ಹಾರುವುದನ್ನು ಹಿಡಿಯುವುದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಡುವುದು, ರೆಕ್ಕೆಯ ಚುಕ್ಕೆ ಎಣಿಸಿ ಹೆಸರಿಡುವುದು. ಇವರು ಹುಡುಕಿದ್ದು ಮೊಟ್ಟೆಯನ್ನು, ಹುಳವನ್ನು. ಎಲೆ ತಿರುವಿ ನೋಡಿದರು. ಸಿಕ್ಕ ಹುಳವನ್ನು ಆ ಎಲೆಯ ಸಮೇತ ಮನೆಗೆ ತಂದು ಸಾಕಿದರು. ಎಷ್ಟು ಸಲ ಪೊರೆ ಬಿಟ್ಟಿತು, ಬಣ್ಣ ಹೇಗೆ ಬದಲಾಯಿತು, ಕೋಶ ಎಲ್ಲಿ ನೇತು ಹಾಕಿತು, ಕೊನೆಗೆ ಹೊರಬಂದದ್ದು ಯಾವ ಚಿಟ್ಟೆ ಎಂದು ಬರೆದಿಟ್ಟರು. ಕೆಲವು ನೀಲಿ ಚಿಟ್ಟೆಗಳ ಹುಳಗಳನ್ನು ಇರುವೆಗಳು ದನ ಕಾದಂತೆ ಕಾಯುವುದನ್ನೂ ಗುರುತು ಮಾಡಿಕೊಂಡರು.

1890ರಲ್ಲಿ ಡೇವಿಡ್‌ಸನ್ ಮತ್ತು ಐಟ್ಕನ್ ಬೊಂಬಾಯಿ ಪ್ರಾಂತ್ಯದ ಚಿಟ್ಟೆಗಳ ಹುಳ ಮತ್ತು ಕೋಶಗಳ ಬಗ್ಗೆ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. 1896ರಿಂದ ಬೆಲ್ ಹೆಸರೂ ಸೇರಿ ಮೂವರ ಹೆಸರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ದೀರ್ಘ ಲೇಖನಮಾಲೆ ಬಂತು. ಒಂದು ಜಿಲ್ಲೆಯ ಚಿಟ್ಟೆಗಳ ಬಾಳನ್ನು ಇಷ್ಟು ವಿವರವಾಗಿ ದಾಖಲಿಸಿದ್ದು ಆಗಿನ ಭಾರತದಲ್ಲಿ ಅಪರೂಪ. ಮನೆಯಲ್ಲಿ ಹುಳ ಸಾಕಿದ್ದು ಹವ್ಯಾಸಕ್ಕೆ. ಅವರಿಗೆ ಅದರಿಂದ ಒಂದು ರೂಪಾಯಿಯೂ ಹೆಚ್ಚು ಸಂಬಳ ಬರುತ್ತಿರಲಿಲ್ಲ.

ಪಟ್ಟಿ ನಿಂತ ಗಡಿ

ಪುತ್ತೂರಿನ ಓದುಗರು ಇಲ್ಲಿ ಕೇಳಬಹುದು: ಕಾರವಾರದವರು ಬರೆದಿಟ್ಟರೆ ನಮಗೇನು?

ಹಿಂದೆ ಕೆನರಾ ಒಂದೇ ಜಿಲ್ಲೆಯಾಗಿತ್ತು. ಅದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಈಗಿನ ಪುತ್ತೂರು, ಸುಳ್ಯ, ಕಡಬದ ಸೀಮೆಯೆಲ್ಲ ಆಗ ಹೆಚ್ಚುಕಡಿಮೆ ಉಪ್ಪಿನಂಗಡಿ ತಾಲೂಕು. ಹೀಗಾಗಿ ಬೆಲ್ ಮತ್ತು ಗೆಳೆಯರ ಪಟ್ಟಿ ಜಿಲ್ಲೆಯ ಗಡಿಯಲ್ಲಿ ನಿಂತಿತು. ಬೊಂಬಾಯಿಯ ಸೊಸೈಟಿಗೆ ಬೊಂಬಾಯಿ ಪ್ರಾಂತ್ಯ ಮನೆಯಂಗಳ, ಮದರಾಸಿನ ಈ ತುದಿ ದೂರದ ಊರು.

ಚಿಟ್ಟೆಗೆ ಗಡಿಯಿಲ್ಲ ಎಂಬ ಮಾತು ಎಲ್ಲರೂ ಹೇಳುವಂಥದ್ದು. ಇಲ್ಲಿ ಕೆಲಸಕ್ಕೆ ಬರುವ ಸಂಗತಿ ಬೇರೆ, ಗಿಡಕ್ಕೂ ಗಡಿಯಿಲ್ಲ. ಕಾಳಿ ಕಣಿವೆಯಲ್ಲಿ ಡಾರ್ಕ್ ಬ್ಲೂ ಟೈಗರ್ ಹುಳ ತಿನ್ನುವ ಬಳ್ಳಿಯೇ ಕುಮಾರಧಾರೆಯ ದಡದಲ್ಲೂ ಇದ್ದರೆ, ಕಾರವಾರದಲ್ಲಿ ಬರೆದದ್ದು ಸುಬ್ರಹ್ಮಣ್ಯದಲ್ಲೂ ನಿಜ. ಅದೇ ಘಟ್ಟ, ಅದೇ ಮಳೆ, ಅದೇ ಕೆಂಪು ಮಣ್ಣು. ಬೆಲ್ ಬರೆದ ಜೀವನಚರಿತ್ರೆಗಳನ್ನು ಇಂದಿಗೂ ದಕ್ಷಿಣ ಭಾರತದ ಚಿಟ್ಟೆ ಪುಸ್ತಕಗಳು ಆಧಾರವಾಗಿ ಬಳಸುತ್ತಿರುವುದು ಈ ಕಾರಣಕ್ಕೆ.

ಹಾರಾಟ ಎಲ್ಲರಿಗೂ ಕಂಡಿತ್ತು, ಎಲೆ ಕಂಡಿರಲಿಲ್ಲ

ಚಿಟ್ಟೆಗಳು ಹಿಂಡಾಗಿ ಒಂದೇ ದಿಕ್ಕಿಗೆ ಹಾರುವುದು ಬೆಲ್ ಕಾಲದಲ್ಲಿ ಹೊಸ ಸುದ್ದಿಯೇನಲ್ಲ. ದಕ್ಷಿಣ ಭಾರತದ ಬೆಟ್ಟಗಳಿಂದ ವರದಿಗಳು ಬರುತ್ತಿದ್ದವು. ಅದರಲ್ಲಿ ಒಂದು ನಮಗೆ ಬಹಳ ಇಷ್ಟ: 1910ರಲ್ಲಿ ಚಿಟ್ಟೆ ವಲಸೆಯ ಬಗ್ಗೆ ಸೊಸೈಟಿಯ ಪತ್ರಿಕೆಗೆ ಬರೆದವರು ಜಾನ್ ಎವರ್‌ಶೆಡ್. ಅವರು ಕೀಟ ವಿಜ್ಞಾನಿಯೇ ಅಲ್ಲ, ಕೊಡೈಕನಾಲ್ ವೀಕ್ಷಣಾಲಯದ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳಲ್ಲಿ ಅನಿಲ ಹರಿಯುವುದನ್ನು ಕಂಡುಹಿಡಿದವರು, ದೂರದರ್ಶಕದಿಂದ ಕಣ್ಣು ತೆಗೆದಾಗ ಬೆಟ್ಟದ ಮೇಲೆ ಹಾದುಹೋಗುವ ಚಿಟ್ಟೆಗಳನ್ನೂ ಗಮನಿಸಿದ್ದರು. ಮುಂದೆ ಇಂಗ್ಲೆಂಡಿನ ಸಿ. ಬಿ. ವಿಲಿಯಮ್ಸ್ ಎಂಬ ಕೀಟ ವಿಜ್ಞಾನಿ ಜಗತ್ತಿನ ಮೂಲೆಮೂಲೆಯ ವರದಿಗಳನ್ನು ಸೇರಿಸಿ 1930ರಲ್ಲಿ ಚಿಟ್ಟೆಗಳ ವಲಸೆಯ ಮೇಲೆ ಒಂದು ಪುಸ್ತಕವನ್ನೇ ತಂದರು.

ಇವೆಲ್ಲ ಹಾರುವುದನ್ನು ಕಂಡವರ ವರದಿ. ಎಲ್ಲಿಂದ ಬಂದವು, ಎಲ್ಲಿಗೆ ಹೋದವು, ಯಾಕೆ ಹೋದವು ಎಂಬುದಕ್ಕೆ ಉತ್ತರ ಬೇಕಾದರೆ ಅವು ಎಲ್ಲಿ ಹುಟ್ಟಿ ಬೆಳೆಯುತ್ತವೆ ಎಂದು ಗೊತ್ತಿರಬೇಕು. ಚಿಟ್ಟೆ ಯಾವ ಹೂವಿನಲ್ಲಾದರೂ ಮಕರಂದ ಹೀರುತ್ತದೆ, ಅದರ ಹುಳ ಮಾತ್ರ ಕಂಡಕಂಡದ್ದನ್ನು ತಿನ್ನುವುದಿಲ್ಲ. ಸರಿಯಾದ ಗಿಡದಲ್ಲಿ ಎಳೆಯ ಚಿಗುರು ಇದ್ದರೆ ಮಾತ್ರ ಸಂಸಾರ. ಬೆಲ್ ತರಹದವರು ಕೂಡಿಹಾಕಿದ ಎಲೆ ಲೆಕ್ಕ ಇಲ್ಲಿ ಬೆಲೆ ಬಾಳುತ್ತದೆ.

ನಮ್ಮ ಊರಿನ ಉದಾಹರಣೆಗಳನ್ನೇ ನೋಡಿ. ಕಾಮನ್ ಕ್ರೋ ಹುಳ ಕಣಗಿಲೆಯ ಎಲೆ ತಿನ್ನುತ್ತದೆ, ಆಲ, ಅತ್ತಿಯಂಥ ಮರಗಳ ಎಲೆ ತಿನ್ನುತ್ತದೆ, ನಾವು ಶರಬತ್ತಿಗೆ ಬಳಸುವ ನನ್ನಾರಿ ಬಳ್ಳಿಯನ್ನೂ ತಿನ್ನುತ್ತದೆ. ಅಂಗಳದ ಕಣಗಿಲೆ ಎಲೆಯ ಅಡಿಯಲ್ಲಿ ಬೆಳ್ಳಿ ಲೇಪಿಸಿದ ಮಣಿಯಂತೆ ಹೊಳೆಯುವ ಒಂದು ವಸ್ತು ನೇತಾಡುವುದನ್ನು ಮಕ್ಕಳು ಕಂಡು ಓಡಿಬಂದು ತೋರಿಸುತ್ತಾರಲ್ಲ, ಅದು ಇದರ ಕೋಶ. ಹುಳದ ಬೆನ್ನಿನ ಮೇಲೆ ಕೊಂಬಿನಂಥ ನಾಲ್ಕು ಜೊತೆ ಎಳೆಗಳಿರುತ್ತವೆ. ಪ್ಲೇನ್ ಟೈಗರ್ ಹುಳಕ್ಕೆ ಮೂರು ಜೊತೆ, ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್ ಹುಳಗಳಿಗೆ ಎರಡೇ ಜೊತೆ. ಹುಳ ಸಾಕಿದವರಿಗೆ ಮಾತ್ರ ತಿಳಿಯುವ ಲೆಕ್ಕ ಇದು.

ನೀಲಿ ಹುಲಿಗಳ ಮುಖ್ಯ ಆಹಾರ ಬೇಲಿಯ ಮೇಲೆ, ಕಾಡಿನ ಅಂಚಿನಲ್ಲಿ ಹಬ್ಬುವ, ಎಲೆ ಮುರಿದರೆ ಹಾಲು ಒಸರುವ ಬಳ್ಳಿಗಳು. ಅದರಲ್ಲಿ ಒಂದಕ್ಕೆ ಸಸ್ಯವಿಜ್ಞಾನಿಗಳು ವಟ್ಟಕಾಕ ಎಂದು ಹೆಸರಿಟ್ಟಿದ್ದರು. ಲ್ಯಾಟಿನ್ ಅಂದುಕೊಂಡಿರಾ? ಅಲ್ಲ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಮಲಬಾರಿನ ಗಿಡಗಳ ಬಗ್ಗೆ ತಂದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿದ್ದ ಮಲಯಾಳಂ ಹೆಸರನ್ನೇ ಎತ್ತಿಕೊಂಡದ್ದು.

ಹಾಲಿನಲ್ಲಿರುವ ಕಹಿ, ವಿಷಕಾರಿ ಅಂಶ ಹುಳದ ಮೈ ಸೇರುತ್ತದೆ, ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ಕುಕ್ಕಿ ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ಚಿಟ್ಟೆಗೆ ಬಾಯಿ ಹಾಕಲು ಹಿಂದೆಮುಂದೆ ನೋಡುತ್ತದೆ. ಡ್ಯಾನೈನ್‌ಗಳು ಅವಸರವೇ ಇಲ್ಲದವರಂತೆ ಹಾರುವುದು ಈ ಧೈರ್ಯದಿಂದ. ಇದನ್ನು ಓದಿ ಚಿಟ್ಟೆ ಮುಟ್ಟಿದರೆ ವಿಷ ಎಂಬ ಹೊಸ ಫಾರ್ವರ್ಡ್ ಹುಟ್ಟಿಸಬೇಡಿ. ಮುಟ್ಟಿದರೆ ಏನೂ ಆಗುವುದಿಲ್ಲ.

ಗಂಡು ಚಿಟ್ಟೆಗಳಿಗೆ ಇನ್ನೊಂದು ಗೀಳಿದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಕ್ರೊಟಲೇರಿಯಾ ಗಿಡ, ಚೇಳಿನ ಬಾಲದಂತೆ ಹೂಗೊಂಚಲು ಸುರುಳಿಯಾಗುವ ಹೀಲಿಯೊಟ್ರೋಪ್, ಗುಡ್ಡದಲ್ಲೆಲ್ಲ ತುಂಬಿರುವ ಕಮ್ಯುನಿಸ್ಟ್ ಗಿಡದ ಹೂವು. ಇವುಗಳಲ್ಲಿರುವ ಒಂದು ಬಗೆಯ ಕ್ಷಾರ ಪದಾರ್ಥವನ್ನು ಹೀರಿ, ಅದರಿಂದ ಹೆಣ್ಣನ್ನು ಸೆಳೆಯುವ ಸುವಾಸನೆಯನ್ನು ತಯಾರಿಸಿಕೊಳ್ಳುತ್ತವೆ. ಒಣಗಿದ, ಹೂವೇ ಇಲ್ಲದ ಕಡ್ಡಿಗೆ ಹತ್ತಾರು ಚಿಟ್ಟೆಗಳು ಜೋತುಬಿದ್ದಿರುವ ಫೋಟೊ ನಿಮಗೆ ಬಂದಿದ್ದರೆ ಅದರ ಗುಟ್ಟು ಇದು. ಮಂತ್ರವೂ ಇಲ್ಲ, ಮಾಟವೂ ಇಲ್ಲ.

ಹಾಗಾದರೆ ವಲಸೆ ಯಾಕೆ?

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ ಮನುಷ್ಯರೇ ಹೊರಗೆ ಹೋಗಲು ಹಿಂಜರಿಯುತ್ತಾರೆ, ಬಿಸಿಲು ಕಾಯದೆ ಹಾರಲಾಗದ ಚಿಟ್ಟೆಯ ಪಾಡೇನು? ಘಟ್ಟದ ಆಚೆ ಚಿತ್ರದುರ್ಗದ ಕಡೆ ಇಡೀ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಅಲ್ಲಿ ಹದವಾದ ಮಳೆಗೆ ಗಿಡಬಳ್ಳಿ ಚಿಗುರುತ್ತದೆ, ನಡುನಡುವೆ ಬಿಸಿಲೂ ಬರುತ್ತದೆ.

ಆದ್ದರಿಂದ ಏಪ್ರಿಲ್‌ನಿಂದ ಜೂನ್ ನಡುವೆ, ನಮ್ಮ ಲೆಕ್ಕದಲ್ಲಿ ಪತ್ತನಾಜೆಯ ಹಿಂದುಮುಂದು, ಈ ಚಿಟ್ಟೆಗಳು ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲು ಮತ್ತು ಪೂರ್ವ ಘಟ್ಟಗಳತ್ತ ಹೊರಡುತ್ತವೆ. ಕೆಲವು ನೂರು ಕಿಲೋಮೀಟರ್ ದಾರಿ. ಅಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಅಕ್ಟೋಬರ್, ನವೆಂಬರ್ ಹೊತ್ತಿಗೆ, ಅಲ್ಲಿ ಹಿಂಗಾರು ಜೋರಾಗುವಾಗ, ಘಟ್ಟದತ್ತ ಮರಳುತ್ತವೆ. ದೀಪಾವಳಿಯಿಂದ ಕುಕ್ಕೆಯ ಷಷ್ಠಿಯವರೆಗಿನ ದಿನಗಳಲ್ಲಿ ಗಮನಿಸಿದರೆ ಸಿಗುತ್ತವೆ. ಹೀಗೆ ಬರುವವು ಮೇ ತಿಂಗಳಲ್ಲಿ ಹೋದ ಚಿಟ್ಟೆಗಳಲ್ಲ, ಅವುಗಳ ಮುಂದಿನ ಪೀಳಿಗೆ. ದಾರಿ ತೋರಿಸಲು ಹಿರಿಯರಿಲ್ಲದೆ ಬರುತ್ತವೆ. ಚಳಿ ಮತ್ತು ಬೇಸಗೆಯನ್ನು ತೊರೆ ಹರಿಯುವ ತಂಪು ಕಣಿವೆಗಳಲ್ಲಿ ಗುಂಪಾಗಿ ಕಳೆಯುತ್ತವೆ.

ಈ ಚಿತ್ರ ಸ್ಪಷ್ಟವಾದದ್ದು ಬೆಲ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಕೃಷ್ಣಮೇಘ ಕುಂಟೆ ಅವರು 2005ರಲ್ಲಿ ದಕ್ಷಿಣ ಭಾರತದ ಡ್ಯಾನೈನ್ ವಲಸೆಯ ಬಗ್ಗೆ ಬರೆದದ್ದು ಅದೇ ಸೊಸೈಟಿಯ ಪತ್ರಿಕೆಯಲ್ಲಿ, ಬೆಲ್ ಬರೆಯುತ್ತಿದ್ದ ಪತ್ರಿಕೆಯಲ್ಲಿ. ಮುಂದೆ ವೈಶಾಲಿ ಭೌಮಿಕ್ ಅವರ ಜೊತೆ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೆಣ್ಣು ಚಿಟ್ಟೆಗಳ ಒಳಗನ್ನು ನೋಡಿತು. ವಲಸೆಯಲ್ಲಿರುವ ಹೆಣ್ಣುಗಳಲ್ಲಿ ಮೊಟ್ಟೆ ಬಲಿತಿರುವುದು ಕಡಿಮೆ. ಮೈಯಲ್ಲಿರುವ ಶಕ್ತಿಯನ್ನು ಮೊದಲು ಹಾರಾಟಕ್ಕೆ ಇಟ್ಟುಕೊಂಡು ಸಂಸಾರವನ್ನು ಮುಂದೂಡುತ್ತವೆ.

ಈಗ ಆ ಎರಡು ಫಾರ್ವರ್ಡ್‌ಗಳಿಗೆ ಬರೋಣ. ಚಿಟ್ಟೆ ಹಿಂಡು ಕಂಡರೆ ಮಳೆ ಹತ್ತಿರ ಎಂದು ಹಳಬರು ಹೇಳುವುದುಂಟು. ಅದನ್ನು ಮೂಢನಂಬಿಕೆ ಎಂದು ನಾವು ತಳ್ಳಿಹಾಕುವುದಿಲ್ಲ, ಮುಂಗಾರಿಗೆ ಮೊದಲು ಇವು ಹೊರಡುವುದು ನಿಜ. ನೋಡಿ ನೋಡಿ ಕಲಿತ ಲೆಕ್ಕ ಅದು. ಭೂಕಂಪಕ್ಕೆ ಅಂಥ ಯಾವ ಆಧಾರವೂ ಇಲ್ಲ. ಪ್ರತಿ ವರ್ಷ ಬಂದು ಹೋಗುವ ಚಿಟ್ಟೆ ಪ್ರತಿ ವರ್ಷ ಭೂಕಂಪ ತರಬೇಕಿತ್ತಲ್ಲ?

ಅಡಿಕೆ ತೋಟದ ಮಾತು ಹೆಚ್ಚು ಗಂಭೀರ, ಯಾಕೆಂದರೆ ಇದನ್ನು ನಂಬಿ ಒಬ್ಬರು ಪಂಪು ಹೆಗಲಿಗೇರಿಸಿದರೂ ಹಾನಿ ಆಗಿಹೋಗುತ್ತದೆ. ಡ್ಯಾನೈನ್ ಹುಳಗಳು ಅಡಿಕೆ ಎಲೆ ತಿನ್ನುವುದಿಲ್ಲ, ತೆಂಗು, ಕಾಳುಮೆಣಸು, ಕೊಕ್ಕೊವನ್ನೂ ಮುಟ್ಟುವುದಿಲ್ಲ. ಹಿಂಗಾರ ಕೊರೆಯುವ ಹುಳ ಒಂದಿದೆ, ಅದು ಬೇರೆಯೇ ಒಂದು ಪತಂಗದ್ದು, ರಾತ್ರಿ ಹಾರುವ ಸಣ್ಣ ಜೀವಿ. ಮೈಗೆ ತಾಗಿದರೆ ತುರಿಸುವ ಕಂಬಳಿಹುಳಗಳೂ ಪತಂಗಗಳವೇ. ಡ್ಯಾನೈನ್ ಹುಳದ ಮೈ ನುಣುಪು. ತೋಟದ ಮೇಲೆ ಚಿಟ್ಟೆ ಹಾದುಹೋಯಿತೆಂದು ಕೀಟನಾಶಕ ಹೊಡೆದರೆ ಸಾಯುವುದು ಚಿಟ್ಟೆ ಮಾತ್ರ ಅಲ್ಲ, ಪಕ್ಕದ ಮನೆಯವರ ಜೇನುಪೆಟ್ಟಿಗೆಯ ನೊಣಗಳೂ ಸಾಯುತ್ತವೆ.

ಔಷಧಿಗಿಂತ ದೊಡ್ಡ ತೊಂದರೆ ಸದ್ದಿಲ್ಲದೆ ನಡೆಯುತ್ತಿದೆ ಎನ್ನುವುದು ನಮ್ಮ ಅನಿಸಿಕೆ. ಹಳೆಯ ಜೀವಂತ ಬೇಲಿಗಳು ಹೋಗಿ ತಂತಿ, ಕಲ್ಲಿನ ಗೋಡೆ ಬರುತ್ತಿವೆ. ಗುಡ್ಡದ ಪೊದೆಗಳು ರಬ್ಬರ್ ಆಗುತ್ತಿವೆ. ಉಳಿದ ಬದಿಗೆ ಕಳೆನಾಶಕ. ಹಾಲು ಸುರಿಸುವ ಕೆಲಸಕ್ಕೆ ಬಾರದ ಬಳ್ಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಟ್ಟೆ ಬಂದರೆ ವಿಡಿಯೊ ಮಾಡುವ ನಾವು ಅದರ ಮರಿ ತಿನ್ನುವ ಬಳ್ಳಿಯನ್ನು ಅದೇ ದಿನ ಕತ್ತಿಯಿಂದ ಸವರಿ ಹಾಕಿರುತ್ತೇವೆ.

ಕಾರವಾರದ ಮನೆ

ಗೆಳೆಯರ ಬಳಗ ಬಹಳ ಕಾಲ ಉಳಿಯಲಿಲ್ಲ. ಐಟ್ಕನ್ 1909ರಲ್ಲಿ ಎಡಿನ್‌ಬರೊದಲ್ಲಿ ತೀರಿಕೊಂಡರು. ಅದೇ ವರ್ಷ ಬೆಲ್ ದೊಡ್ಡ ಕೆಲಸವೊಂದನ್ನು ಕೈಗೆತ್ತಿಕೊಂಡರು. ಭಾರತದ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಎಲ್. ಸಿ. ಎಚ್. ಯಂಗ್ ಎಂಬವರು ಸೊಸೈಟಿಯ ಪತ್ರಿಕೆಯಲ್ಲಿ ಶುರು ಮಾಡಿದ್ದ ಲೇಖನಮಾಲೆಯನ್ನು ಬೆಲ್ ಮುಂದುವರಿಸಿದರು. ಅದು 1927ರವರೆಗೆ ನಡೆಯಿತು. ಹದಿನೆಂಟು ವರ್ಷ. ಒಂದೊಂದೇ ಚಿಟ್ಟೆ, ಅದರ ಮೊಟ್ಟೆ, ಹುಳ, ಕೋಶ, ಹಾರುವ ರೀತಿ, ಕೂರುವ ಜಾಗ, ತಿನ್ನುವ ಗಿಡ. ಇದರ ನಡುವೆ ಮೊದಲ ಮಹಾಯುದ್ಧ ಬಂದು ಹೋಯಿತು, ಬೆಲ್ ಇಲಾಖೆಯ ಮೇಲಿನ ಹುದ್ದೆಗೆ ಏರಿ ನಿವೃತ್ತರೂ ಆದರು.

ನಿವೃತ್ತರಾದ ಬ್ರಿಟಿಷ್ ಅಧಿಕಾರಿಗಳು ಹಡಗು ಹತ್ತುವುದು ವಾಡಿಕೆ. ಬೆಲ್ ಹತ್ತಲಿಲ್ಲ. ಕಾರವಾರದಲ್ಲೇ ಉಳಿದರು. ಮದುವೆ ಮನೆಗೆ ಬಂದ ನೆಂಟರು ಊಟ ಮುಗಿದ ಮೇಲೂ ಹೋಗದೆ ಮನೆಯವರೇ ಆಗಿಬಿಡುವ ಹಾಗೆ. ಗಿಡಗಳನ್ನು ಸಂಗ್ರಹಿಸುವ ಕೆಲಸಕ್ಕೂ ಇಳಿದರು. ಹುಳ ಏನು ತಿನ್ನುತ್ತದೆ ಎಂದು ಬರೆಯುವವರು ಗಿಡ ಗುರುತಿಸದೆ ಇರಲು ಸಾಧ್ಯವಿರಲಿಲ್ಲ.

ಆಮೇಲೆ ಹೆಚ್ಚು ಶ್ರಮ ಹಾಕಿದ್ದು ಗಿಡುಗ ಪತಂಗಗಳ ಮೇಲೆ, ಅಂದರೆ ಹಾಕ್ ಮಾತ್‌ಗಳ ಮೇಲೆ. ಮುಸ್ಸಂಜೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ನಾಲಿಗೆ ಚಾಚಿ ಮಕರಂದ ಹೀರುವ ದಪ್ಪ ಮೈಯ ಪತಂಗಗಳಿವು. ಕಣಗಿಲೆಯನ್ನು ತಿಂದು ಬೆಳೆಯುವ ಹಸಿರು ಹಾಕ್ ಮಾತ್ ನಮ್ಮಲ್ಲೂ ಇದೆ, ಇದೇ ಪತಂಗ ಆಫ್ರಿಕಾದಿಂದ ಯುರೋಪಿಗೆ ಹಾರುವ ದೂರದ ವಲಸೆಗಾರ. ಮೇಜರ್ ಎಫ್. ಬಿ. ಸ್ಕಾಟ್ ಜೊತೆ ಸೇರಿ ಬೆಲ್ ಬರೆದ ಗಿಡುಗ ಪತಂಗಗಳ ಸಂಪುಟ ಫಾನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯಲ್ಲಿ 1937ರಲ್ಲಿ ಹೊರಬಂತು. ಆಗ ಅವರಿಗೆ 74 ವರ್ಷ. ಅವರ ಪತಂಗ ಸಂಗ್ರಹ ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್‌ನಲ್ಲಿದೆ.

ಸ್ವಾತಂತ್ರ್ಯ ಬಂತು. ಬ್ರಿಟಿಷರು ಹೋದರು. ಬೆಲ್ ಆಗಲೂ ಕಾರವಾರದಲ್ಲೇ ಇದ್ದರು. 1948ರ ಜೂನ್ 24ರಂದು, 85ನೆಯ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು.

ನೀವು ಕಂಡರೆ ಏನು ಮಾಡಬಹುದು

ಉತ್ತರ ಕನ್ನಡದ ಚಿಟ್ಟೆಗಳಿಗೆ ಬೆಲ್ ಮತ್ತು ಗೆಳೆಯರ ಹಾಗೆ ವರ್ಷಗಟ್ಟಲೆ ಕೂತು ಬರೆದವರು ಸಿಕ್ಕರು. ಕುಮಾರಧಾರೆ, ಪಯಸ್ವಿನಿಯ ಕಣಿವೆಗಳಿಗೆ ಆ ಕಾಲದಲ್ಲಿ ಅಂಥವರು ಸಿಗಲಿಲ್ಲ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ, ದಿನಾಂಕ, ಗಂಟೆ, ಜಾಗ ತಾನಾಗಿಯೇ ದಾಖಲಾಗುತ್ತದೆ. ಬೆಲ್ ಬಳಿ ಇದ್ಯಾವುದೂ ಇರಲಿಲ್ಲ.

ಹಿಂಡು ಕಂಡಾಗ ಮೊದಲು ಒಂದು ನಿಮಿಷ ನಿಂತು ದಿಕ್ಕು ನೋಡಿ. ಘಟ್ಟ ಹತ್ತುತ್ತಿವೆಯೇ, ಇಳಿಯುತ್ತಿವೆಯೇ, ಇಲ್ಲವೇ ಒಂದೇ ಕಡೆ ಸುತ್ತುತ್ತಿವೆಯೇ? ಒಂದು ಮರವನ್ನು ಗುರುತಾಗಿಟ್ಟುಕೊಂಡು ಐದು ನಿಮಿಷದಲ್ಲಿ ಎಷ್ಟು ದಾಟಿದವು ಎಂದು ಎಣಿಸಿ. ವಿಡಿಯೊ ಜೊತೆಗೆ ರೆಕ್ಕೆ ಸ್ಪಷ್ಟವಾಗಿ ಕಾಣುವ ಒಂದೆರಡು ಫೋಟೊ ಇರಲಿ, ಮಡಚಿದ ರೆಕ್ಕೆಯದ್ದೂ ಬೇಕು, ಬಿಚ್ಚಿದ್ದೂ ಬೇಕು. ಫ್ಯಾಮಿಲಿ ಗ್ರೂಪಿಗೆ ಕಳಿಸುವುದರ ಜೊತೆಗೆ ಐನ್ಯಾಚುರಲಿಸ್ಟ್ ಆ್ಯಪ್‌ಗೋ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣಕ್ಕೋ ಹಾಕಿದರೆ ಗುರುತು ಹಿಡಿಯಬಲ್ಲವರು ನೋಡುತ್ತಾರೆ, ಅದು ದಾಖಲೆಯಾಗಿ ಉಳಿಯುತ್ತದೆ. ನೆಲದಲ್ಲಿ, ತೊರೆಯ ಮರಳಿನಲ್ಲಿ ಕೂತಿದ್ದರೆ ಓಡಿಸಬೇಡಿ, ಉಪ್ಪಿನ ಅಂಶ ಹೀರುತ್ತಿರುತ್ತವೆ.

ಹುಳ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಕೂತ ಎಲೆಯದ್ದೊಂದು ಫೋಟೊ, ಇಡೀ ಬಳ್ಳಿಯದ್ದೊಂದು, ಹೂವೋ ಕಾಯಿಯೋ ಇದ್ದರೆ ಅದರದ್ದೊಂದು ತೆಗೆಯಿರಿ. ಬೆನ್ನಿನ ಮೇಲಿನ ಎಳೆಗಳನ್ನು ಎಣಿಸಿ: ಎರಡು ಜೊತೆಯೋ, ಮೂರೋ, ನಾಲ್ಕೋ.